ಸಾಕ್ರಟೀಸನಿಗೆ ಟೀವಿ ಇರಲಿಲ್ಲ

1971ರ ಜನವರಿಯ ಒಂದು ರಾತ್ರಿ, ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಆರ್ಚಿ ಬಂಕರ್ ಎಂಬ ಗೃಹಸ್ಥನು ತನ್ನ ಮನೆಯಲ್ಲೇ ಕೋಟು, ಟೈ ಧರಿಸಿ, ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರಿಗೆ ಪತ್ರ ಬರೆಯಲು ಕುಳಿತನು. ಮನೆಯಲ್ಲೇ ಬಿಟ್ಟಿ ಉಂಡುಕೊಂಡಿದ್ದ ಅಳಿಯ ಮೈಕ್ ಅಧ್ಯಕ್ಷರಿಗೆ ಪ್ರತಿಭಟನೆಯ ಪತ್ರವೊಂದನ್ನು ಬರೆದು ಮನೆತನದ ಮಾನ ಕಳೆದಿದ್ದರಿಂದ, ಮಾವನಾದವನು ಅದನ್ನು ಸರಿಪಡಿಸಬೇಕಾಗಿತ್ತು. ಪತ್ರ ಬರೆಯುವವನು ಅಧ್ಯಕ್ಷರ ಕಣ್ಣಿಗೆ ಬೀಳುವುದಿಲ್ಲವಾದರೂ ಟೈ ಕಟ್ಟಿಕೊಂಡೇ ಬರೆಯಬೇಕೆಂಬುದು ಅವನ ರಾಜಭಕ್ತಿಯ ಮಟ್ಟವಾಗಿತ್ತು. ಆರ್ಚಿ ನಿಜವಾದ ಮನುಷ್ಯನಲ್ಲ, ನಾರ್ಮನ್ ಲಿಯರ್ ನಿರ್ಮಿಸಿದ ‘ಆಲ್ ಇನ್ ದ ಫ್ಯಾಮಿಲಿ’ ಎಂಬ ಸಿಬಿಎಸ್ ವಾಹಿನಿಯ ಹಾಸ್ಯ ಧಾರಾವಾಹಿಯ ಯಜಮಾನ ಎಂಬುದು ಇಲ್ಲಿ ಸಣ್ಣ ವಿಷಯ. ದೊಡ್ಡ ವಿಷಯವೆಂದರೆ, ಅದೇ ವರ್ಷದ ಮೇ ತಿಂಗಳಲ್ಲಿ ನಿಜವಾದ ನಿಕ್ಸನ್ ಅವರು ಈ ಕಾಲ್ಪನಿಕ ಮನುಷ್ಯನನ್ನು ಶ್ವೇತಭವನದಲ್ಲಿ ಗಂಭೀರವಾಗಿ ಚರ್ಚೆಗೆ ತೆಗೆದುಕೊಂಡರು.

ನಡುವೆ ನಡೆದದ್ದನ್ನು ಮೊದಲು ಹೇಳಬೇಕು. ಫೆಬ್ರವರಿ 9ರಂದು ಪ್ರಸಾರವಾದ ಐದನೆಯ ಕಂತಿನಲ್ಲಿ ಮೈಕನ ಗೆಳೆಯ ರೋಜರ್ ಊಟಕ್ಕೆ ಬರುತ್ತಾನೆ. ಅವನು ಯೂರೋಪು ಸುತ್ತಿ ಬಂದವನು, ನಯವಾಗಿ ಮಾತನಾಡುವವನು, ಬಣ್ಣದ ಬಟ್ಟೆಯವನು. ಆರ್ಚಿಗೆ ಇಷ್ಟು ಸಾಕ್ಷ್ಯ ಧಾರಾಳವಾಯಿತು. ಕನ್ನಡಕ ಹಾಕಿಕೊಂಡು ಸೂಕ್ಷ್ಮವಾಗಿ ನಡೆದುಕೊಂಡ ಮಾತ್ರಕ್ಕೆ ಒಬ್ಬನನ್ನು ಸಲಿಂಗಕಾಮಿ ಎನ್ನಬಹುದೇ ಎಂದು ಅಳಿಯ ಕೇಳಿದರೆ, ಕನ್ನಡಕದವನು ಬೇರೆ, ಅಂಥವನು ಬೇರೆ, ಎರಡನ್ನೂ ಬೆರೆಸುವಷ್ಟು ದಡ್ಡ ತಾನಲ್ಲ ಎಂದು ಮಾವ ಶಾಸ್ತ್ರೋಕ್ತವಾಗಿ ವಿಂಗಡಿಸುತ್ತಾನೆ. (ಈ ‘ಅಂಥವನು’ ಎಂಬ ಸರ್ವನಾಮ ನಮ್ಮ ಮನೆಗಳಿಗೂ ಹೊಸದಲ್ಲ, ನಾಮಪದವನ್ನು ಬಾಯಿಗೆ ತರದೆ ಇಡೀ ಮನುಷ್ಯನನ್ನು ಮುಗಿಸಿಬಿಡುವ ಅನುಕೂಲ ಅದಕ್ಕಿದೆ.) ಅಷ್ಟಕ್ಕೇ ನಿಲ್ಲದೆ ಆರ್ಚಿ ಇಂಗ್ಲೆಂಡ್ ದೇಶವನ್ನೇ ಆ ಪಟ್ಟಿಗೆ ಸೇರಿಸುತ್ತಾನೆ. ತೋಳಿನೊಳಗಿಂದ ಕರವಸ್ತ್ರ ಎಳೆಯುವ, ತೆಳ್ಳನೆಯ ಕೊಡೆಗೆ ಒರಗಿ ನಿಲ್ಲುವ ಜನರ ಬಗ್ಗೆ ಇನ್ನೇನು ಹೇಳಲು ಸಾಧ್ಯ? ಈ ಧಾರಾವಾಹಿಯೇ ಒಂದು ಬ್ರಿಟಿಷ್ ಧಾರಾವಾಹಿಯ ರೂಪಾಂತರ ಎಂಬುದನ್ನು, ಎಂದರೆ ತನ್ನ ಹುಟ್ಟೂರೂ ಆ ಕೊಡೆಗಳ ದೇಶವೇ ಎಂಬುದನ್ನು, ಅವನಿಗೆ ಯಾರೂ ತಿಳಿಸಿರಲಿಲ್ಲ.

ಮುಖ ನೋಡಿ ಮಣೆ ಹಾಕುವ ಈ ವಿದ್ಯೆಯ ಪರೀಕ್ಷೆ ಕೆಲ್ಸಿಯ ಬಾರಿನಲ್ಲಿ ನಡೆಯುತ್ತದೆ. ಅಲ್ಲಿ ಸ್ಟೀವ್ ಇದ್ದಾನೆ: ಹಿಂದೆ ವೃತ್ತಿಪರ ಫುಟ್‌ಬಾಲ್ ಆಡಿದವನು, ಅಗಲ ಭುಜದವನು, ಆರ್ಚಿಯ ಕಣ್ಣಿನಲ್ಲಿ ಗಂಡಸುತನಕ್ಕೆ ಸರ್ಕಾರಿ ಮುದ್ರೆ ಒತ್ತಿದಂಥವನು. ರೋಜರ್ ಸಲಿಂಗಕಾಮಿಯಲ್ಲ, ಸ್ಟೀವ್ ಹೌದು ಎಂಬುದು ಅಳಿಯನಿಗೆ ಬಾರಿನವನ ಬಾಯಿಂದ ತಿಳಿಯುತ್ತದೆ. ಅಳಿಯ ಅದನ್ನು ಹೇಳಿದಾಗ ಆರ್ಚಿ ನಂಬದೆ, ಹಾಸ್ಯವೆಂಬಂತೆ ಸ್ಟೀವನ ಮುಂದೆಯೇ ಇಡುತ್ತಾನೆ. ಇಬ್ಬರೂ ಪಂಜ ಕುಸ್ತಿಗೆ ಕೈ ಜೋಡಿಸಿದ್ದಾರೆ. ಅಳಿಯ ಹೇಳಿದ್ದು ನಿಜ ಎಂದು ಸ್ಟೀವ್ ಶಾಂತವಾಗಿ ಹೇಳುತ್ತಾನೆ. ಇಷ್ಟು ವರ್ಷಗಳ ಪರಿಚಯದಲ್ಲಿ ಒಂದು ದಿನವಾದರೂ ತಾನು ಹೆಂಗಸಿನ ಮಾತೆತ್ತಿದ್ದುಂಟೇ ಎಂದು ಕೇಳುತ್ತಾನೆ. ಬ್ರಹ್ಮಚಾರಿಗಳು ಇಂಥದ್ದನ್ನೆಲ್ಲ ಗುಟ್ಟಾಗಿಡುವುದು ಸಹಜ ಎಂದು ಆರ್ಚಿ ಅವನ ಪರವಾಗಿ ಅವನ ವಿರುದ್ಧವೇ ವಾದಿಸುತ್ತಾನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮವರು ಹೇಳಿದ್ದುಂಟು. ಆದರೆ ಆರೋಪಿಯೇ ಒಪ್ಪಿಕೊಂಡಾಗ ನ್ಯಾಯಾಧೀಶನು ಸಿಟ್ಟಾಗಿ ಖುಲಾಸೆ ಮಾಡಿದ ಮೊಕದ್ದಮೆ ಇದೊಂದೇ ಇರಬೇಕು. ರೋಜರ್ ಅಂಥವನಲ್ಲ ಎಂಬ ಮಾತನ್ನು ನಂಬದ, ಸ್ಟೀವನ ಒಪ್ಪಿಗೆಯನ್ನೂ ನಂಬದ ಈ ನ್ಯಾಯಪೀಠಕ್ಕೆ ತಿಳಿದಿರುವುದು ಒಂದೇ ಕಾನೂನು: ತನಗೆ ಇಷ್ಟವಾದವನು ಅಂಥವನಾಗಿರಲು ಸಾಧ್ಯವಿಲ್ಲ.

ಈಗ ಶ್ವೇತಭವನಕ್ಕೆ ಬರೋಣ. 1971ರ ಮೇ 13ರಂದು ನಿಕ್ಸನ್ ಅವರು ತಮ್ಮ ಆಪ್ತರಾದ ಹಾಲ್ಡಮನ್ ಮತ್ತು ಎರ್ಲಿಕ್‌ಮನ್ ಅವರೆದುರು, ತಾವು ಟೀವಿಯಲ್ಲಿ ಕಂಡ ಈ ಕಥೆಯನ್ನು ಎಳೆಎಳೆಯಾಗಿ ವಿವರಿಸಿದರು. ಅವರು ಅದನ್ನು ಯಾವುದೋ ಸಿನಿಮಾ ಎಂದುಕೊಂಡಿದ್ದರು. ಅದು ಪ್ರತಿ ವಾರ ಬರುವ ಧಾರಾವಾಹಿ ಎಂದು ಹಾಲ್ಡಮನ್ ತಿದ್ದಬೇಕಾಯಿತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅಧ್ಯಕ್ಷರ ಆತಂಕವೇನೆಂದರೆ, ಸಾರ್ವಜನಿಕ ಟೀವಿಯಲ್ಲಿ ಸಲಿಂಗಕಾಮವನ್ನು ವೈಭವೀಕರಿಸಲಾಗುತ್ತಿದೆ, ಇದನ್ನು ನೋಡಿದ ಹನ್ನೊಂದು ಹನ್ನೆರಡು ವರ್ಷದ ಹುಡುಗರ ಗತಿಯೇನು ಎಂಬುದು. ಅರ್ಧ ಗಂಟೆಯ ಕಥೆಯಲ್ಲಿ ಒಬ್ಬ ಸಲಿಂಗಕಾಮಿ ಬಿಯರ್ ಕುಡಿದು, ಪಂಜ ಕುಸ್ತಿ ಮಾಡಿದ್ದನ್ನು ವೈಭವ ಎನ್ನುವುದಾದರೆ ನಮ್ಮೂರಿನ ಯಾವ ಹೆಂಡದಂಗಡಿಯೂ ಅರಮನೆಯೇ ಸರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಕಟ್ಟಿದವರು ವಾಷಿಂಗ್ಟನ್ನನ್ನು ನೋಡಿರಲಿಲ್ಲ, ಆದರೆ ಅಂದು ಅಲ್ಲಿ ಮುಟ್ಟಿ ನೋಡಿಕೊಂಡ ಹೆಗಲು ದೇಶದಲ್ಲೇ ಅತ್ಯುನ್ನತವಾದದ್ದು.

ಮಾತು ಅಲ್ಲಿಂದ ವಿಶ್ವ ಇತಿಹಾಸಕ್ಕೆ ಜಾರಿತು. ಗ್ರೀಕರನ್ನು ನಾಶ ಮಾಡಿದ್ದು ಸಲಿಂಗಕಾಮ ಎಂದು ಅಧ್ಯಕ್ಷರು ತೀರ್ಪಿತ್ತರು. ಅರಿಸ್ಟಾಟಲನೂ ಅಂಥವನೇ, ಸಾಕ್ರಟೀಸನೂ ಅಂಥವನೇ. ಆಗ ಎರ್ಲಿಕ್‌ಮನ್, ಸಾಕ್ರಟೀಸನಿಗೆ ಟೀವಿಗಿರುವಷ್ಟು ಪ್ರಭಾವ ಇರಲಿಲ್ಲ ಎಂಬ ಮಾತನ್ನು ಸೇರಿಸಿದರು. ಎರಡು ಸಾವಿರದ ಮುನ್ನೂರು ವರ್ಷಗಳಿಂದ ವಿಶ್ವವಿದ್ಯಾಲಯಗಳಿಗೆ ಅನ್ನ ಹಾಕಿದವನು ಒಂದು ಹಾಸ್ಯ ಧಾರಾವಾಹಿಯ ಮುಂದೆ ಹೀಗೆ ಸೋತನು. ರೋಮಿನ ಕೊನೆಯ ಆರು ಚಕ್ರವರ್ತಿಗಳೂ ಸಲಿಂಗಕಾಮಿಗಳಾಗಿದ್ದರು ಎಂಬುದು ಮುಂದಿನ ಸಂಶೋಧನೆ. ರೋಮಿನಲ್ಲಿ ಇಂಥ ಗಂಡಸರನ್ನು ಸುಡಬೇಕೆಂಬ ಕಾನೂನು ಬಂದದ್ದು 390ರಲ್ಲಿ. ಪಶ್ಚಿಮದ ಸಾಮ್ರಾಜ್ಯ ಕುಸಿದದ್ದು 476ರಲ್ಲಿ. ನಿಕ್ಸನ್ ಅವರದೇ ತರ್ಕ ಹಿಡಿದರೆ ಸಾಮ್ರಾಜ್ಯವನ್ನು ಕೆಡವಿದ್ದು ಯಾವುದೆಂದು ಹೇಳುವುದು ಕಷ್ಟವೇನಲ್ಲ, ಆದರೆ ಅಂದು ಆ ಕೋಣೆಯಲ್ಲಿ ಇತಿಹಾಸದ ಪುಸ್ತಕ ಕೇಳಿದವರಿರಲಿಲ್ಲ. ಬ್ರಿಟನ್ ಕೆಟ್ಟದ್ದೂ ಇದರಿಂದಲೇ ಎಂದರು. ಇಲ್ಲಿ ಕ್ವೀನ್ಸಿನ ಆರಾಮಕುರ್ಚಿಯೂ ವಾಷಿಂಗ್ಟನ್ನಿನ ಸಿಂಹಾಸನವೂ ಪರಸ್ಪರ ಕೇಳಿಕೊಳ್ಳದೆಯೇ ಒಮ್ಮತಕ್ಕೆ ಬಂದವು. ಬಲಿಷ್ಠ ಸಮಾಜದ ಮಾದರಿಯಾಗಿ ಅವರು ತೋರಿಸಿದ್ದು ಇಂಥವರನ್ನು ಬೇರುಸಹಿತ ಕಿತ್ತುಹಾಕುವ ರಷ್ಯವನ್ನು. ಶೀತಲ ಸಮರದ ಸೇನಾಧಿಪತಿಯು ಶತ್ರುವಿಗೆ ಕೊಟ್ಟ ಈ ಪ್ರಶಸ್ತಿಪತ್ರದ ಶಾಯಿ ಆರುವ ಮೊದಲೇ, ಅಮೆರಿಕದಲ್ಲಿ ಇದನ್ನು ಹರಡುತ್ತಿರುವವರು ಕಮ್ಯುನಿಸ್ಟರು ಮತ್ತು ಎಡಪಂಥೀಯರು ಎಂದೂ ಸಾರಿದರು. ನಮ್ಮಲ್ಲಿ ಇದು ಪಶ್ಚಿಮದಿಂದ ಬಂದ ಸರಕು ಎನ್ನುವವರು ಗಮನಿಸಬೇಕು: ಪಶ್ಚಿಮದ ಅತ್ಯುನ್ನತ ಕಚೇರಿಯಲ್ಲಿ ಅದನ್ನು ಪೂರ್ವದಿಂದ ಬಂದ ಸರಕೆಂದು ಆಗಲೇ ದಾಖಲಿಸಲಾಗಿತ್ತು.

ಆರ್ಚಿಗೂ ನಿಕ್ಸನ್ ಅವರಿಗೂ ಇದ್ದ ವ್ಯತ್ಯಾಸವನ್ನು ಜನ ಸಾಮಾನ್ಯವಾಗಿ ಅಧಿಕಾರದಲ್ಲಿ ಹುಡುಕುತ್ತಾರೆ. ನನಗೆ ಅದು ಮನೆಯಲ್ಲಿ ಕಾಣುತ್ತದೆ. ಆರ್ಚಿ ಧಾರಾವಾಹಿಯುದ್ದಕ್ಕೂ ಉದ್ಧಾರವಾಗಲಿಲ್ಲ. 1975ರಲ್ಲಿ ತನ್ನ ಟ್ಯಾಕ್ಸಿಯಲ್ಲಿ ಮೂರ್ಛೆ ಹೋದ ಹೆಂಗಸಿನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಆಕೆ ಹೆಣ್ಣುವೇಷದ ಗಂಡಸೆಂದು ತಿಳಿದಾಗ, ಒಂದು ಜೀವ ಉಳಿಯಿತೆಂಬುದಕ್ಕಿಂತ ತನ್ನ ತುಟಿ ಕೆಟ್ಟಿತೆಂಬುದೇ ಅವನಿಗೆ ದೊಡ್ಡದಾಯಿತು. ಅವನನ್ನು ನೋಡಿ ನಕ್ಕವರೆಲ್ಲರೂ ಅವನ ವಿರುದ್ಧವೇ ನಕ್ಕರೆಂದೂ ಇಲ್ಲ. 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ವೀಕ್ಷಕರು ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು. ಆದರೆ ಆ ಮನೆಯಲ್ಲಿ ಅವನ ಹೆಂಡತಿ ಈಡಿತ್ ಇದ್ದಳು. 1977ರ ಅಕ್ಟೋಬರಿನ ಕಂತೊಂದರಲ್ಲಿ ಅವಳ ಸೋದರಸಂಬಂಧಿ ಲಿಜ್ ತೀರಿಕೊಳ್ಳುತ್ತಾಳೆ. ಶಿಕ್ಷಕಿಯಾಗಿದ್ದ ಲಿಜ್‌ಳ ಬೆಳ್ಳಿಯ ಚಹಾ ಪಾತ್ರೆಗಳು ರಕ್ತಸಂಬಂಧದ ಲೆಕ್ಕದಲ್ಲಿ ಈಡಿತಳಿಗೆ ಬರಬೇಕು. ಲಿಜ್‌ಳೊಡನೆ ಬಾಳಿದ್ದ ವೆರೋನಿಕಾ ತಾವಿಬ್ಬರೂ ಸತಿಪತಿಯರಂತೆ ಇದ್ದೆವೆಂದು ಈಡಿತಳಿಗೆ ಹೇಳಿದಾಗ, ಈಡಿತ್ ಮೊದಲು ಅರ್ಥವಾಗದೆ ತಬ್ಬಿಬ್ಬಾಗುತ್ತಾಳೆ, ಅರ್ಥವಾದ ಮೇಲೆ ಪಾತ್ರೆಗಳನ್ನು ಅವಳಿಗೇ ಬಿಟ್ಟುಕೊಡುತ್ತಾಳೆ. ಫ್ಲಾರಿಡಾದಲ್ಲಿ ಗಾಯಕಿ ಅನಿತಾ ಬ್ರಯಾಂಟ್ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಸಲಿಂಗಕಾಮಿಗಳ ಹಕ್ಕುಗಳ ವಿರುದ್ಧ ಮತ ಗೆದ್ದು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಇಂಥವರು ಶಾಲೆಯಲ್ಲಿ ಪಾಠ ಹೇಳಬಹುದೇ ಎಂದು ಆರ್ಚಿ ಅಬ್ಬರಿಸಿದ. ನೈತಿಕತೆಯ ಜೊತೆಗೆ ಬೆಳ್ಳಿಯ ತೂಕವೂ ಅವನ ಮನಸ್ಸಿನಲ್ಲಿತ್ತು. ತೀರ್ಪು ಕೊಡಲು ದೇವರಿದ್ದಾನೆ ಎಂದ. ಹೌದು, ಅವನು ದೇವರು, ನೀವಲ್ಲ ಎಂದಳು ಈಡಿತ್. ಪಾತ್ರೆಗಳು ವೆರೋನಿಕಾಳ ಮನೆಯಲ್ಲೇ ಉಳಿದವು.

ಮೇ 13ರಂದು ಶ್ವೇತಭವನದ ಆ ಕೋಣೆಯಲ್ಲಿ ಈಡಿತ್ ಇರಲಿಲ್ಲ. ಇದ್ದವರು ತಲೆದೂಗುವ ಇಬ್ಬರು ಅಧಿಕಾರಿಗಳು, ಮತ್ತು ಅದೇ ವರ್ಷದ ಫೆಬ್ರವರಿಯಲ್ಲಿ ಸ್ವತಃ ಅಧ್ಯಕ್ಷರೇ ಗುಟ್ಟಾಗಿ ಹಾಕಿಸಿದ್ದ, ಮರುಮಾತಿಲ್ಲದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಒಂದು ಧ್ವನಿಮುದ್ರಣ ಯಂತ್ರ.