ಕಾಣಿಸ್ತಾ? ಕಾಣಿಸ್ತು!

ನಾನು ಮೊದಲ ಸಲ ನಕ್ಷತ್ರ ನೋಡಿದ್ದು ನನ್ನ ಮದುವೆಯಲ್ಲಿ. ಹೊತ್ತು ಬೆಳಗ್ಗೆ ಹನ್ನೊಂದೂವರೆ, ಜಾಗ ಕಲ್ಯಾಣ ಮಂಟಪದ ಒಳಗೆ. ಪುರೋಹಿತರು ಫ್ಯಾನಿನ ಕಡೆ ಬೆರಳು ತೋರಿಸಿ, "ಅಗೋ ಅರುಂಧತಿ, ಕಾಣಿಸ್ತಾ?" ಅಂದರು. ಹೋಮದ ಹೊಗೆಗೆ ಕಣ್ಣು ಉರಿಯುತ್ತಿತ್ತು. ಹೊಟ್ಟೆ ಹಸಿದಿತ್ತು. ತಲೆ ಎತ್ತದೆಯೇ "ಕಾಣಿಸ್ತು" ಅಂದುಬಿಟ್ಟೆ. ಪಕ್ಕದಲ್ಲಿದ್ದವಳು "ಎಲ್ಲಿ?" ಅಂದಳು. ಹಿಂದಿನಿಂದ ಯಾರೋ ತಿವಿದರು. ಅವಳಿಗೂ ಕಾಣಿಸಿತು.

ಇಷ್ಟು ಅನುಭವ ಇದ್ದದ್ದಕ್ಕೇ, ಈ ಸಲದ ಭಾರತ ಹುಣ್ಣಿಮೆ ರಾತ್ರಿ ನಮ್ಮ ತಾಲೂಕು ಕೇಂದ್ರದ ಕಾಲೇಜು ಮೈದಾನದಲ್ಲಿ ನಡೆದ ಸಾರ್ವಜನಿಕ ನಕ್ಷತ್ರ ವೀಕ್ಷಣೆ ನನಗೆ ಅಷ್ಟೇನೂ ಕಷ್ಟ ಆಗಲಿಲ್ಲ.

ನಕ್ಷತ್ರ ನೋಡೋಕೆ ಹುಣ್ಣಿಮೆ ಯಾಕೆ ಅಂತ ನೀವು ಕೇಳಬಹುದು. ಪೂರ್ವಭಾವಿ ಸಭೆಯಲ್ಲಿ ಹಾಗೆ ಕೇಳಿದವರು ಒಬ್ಬರೇ, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. "ಅಮಾವಾಸ್ಯೆ ಆಸುಪಾಸು ಇಟ್ಕೊಳ್ಳೋಣ ಸಾರ್. ಬೆಳದಿಂಗಳಲ್ಲಿ ಸಣ್ಣ ಚುಕ್ಕಿಗಳೆಲ್ಲ ಮುಳುಗಿ ಹೋಗ್ತವೆ" ಅಂದರು. ಸಭೆ ಗಾಬರಿಯಾಯಿತು. ಅಮಾವಾಸ್ಯೆ ದಿನ ಶಾಸಕರು ಮನೆಯ ಹೊಸ್ತಿಲು ದಾಟುವುದಿಲ್ಲವಂತೆ. "ಸರಿ, ಅಷ್ಟಮಿ ಆದ್ರೂ ಆಗ್ಲಿ. ಅರ್ಧ ಚಂದ್ರನ ದಿನ ಕುಳಿಗಳ ನೆರಳು ಚೆನ್ನಾಗಿ ಬೀಳುತ್ತೆ. ಹುಣ್ಣಿಮೆ ದಿನ ಚಂದ್ರ ಸೆಟ್ ದೋಸೆ ಥರ ಚಪ್ಪಟೆ" ಅಂದರು ಮೇಷ್ಟ್ರು. ಅಷ್ಟಮಿ ನವಮಿ ಯಾವ ಶುಭಕಾರ್ಯಕ್ಕೂ ಬೇಡ ಅಂತ ಮೂರು ಜನ ಒಟ್ಟಿಗೆ ಹೇಳಿದರು. ಕೊನೆಗೆ ಪಂಚಾಂಗ ತರಿಸಿ, ಆಕಾಶ ನೋಡಲು ಒಳ್ಳೆಯ ದಿನ ಯಾವುದು ಅಂತ ಹುಡುಕಿದರು. ಪಂಚಾಂಗ ಬರೆದವರು ಮೊದಲು ಆಕಾಶ ನೋಡಿದ್ದರು ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಆಹ್ವಾನ ಪತ್ರಿಕೆ ಕೈಗೆ ಬಂದಾಗ ಮೇಷ್ಟ್ರು ಅದನ್ನು ಎರಡು ಸಲ ಓದಿದರು. "ನೂತನ ಹೈಮಾಸ್ಟ್ ದೀಪ ಲೋಕಾರ್ಪಣೆ ಹಾಗೂ ನಕ್ಷತ್ರ ವೀಕ್ಷಣೆ." ಒಂದೇ ಶಾಮಿಯಾನ, ಒಂದೇ ಊಟದ ಖರ್ಚು, ಮುಖ್ಯ ಅತಿಥಿಗಳೂ ಅವರೇ. ಎರಡು ಸಲ ಕರೆಯೋದು ಯಾಕೆ, ಅಲ್ವಾ?

ಹೈಮಾಸ್ಟ್ ಅಂದರೆ ಸಾಮಾನ್ಯ ಅಲ್ಲ ಮತ್ತೆ. ತೆಂಗಿನ ಮರಕ್ಕಿಂತ ಎತ್ತರದ ಕಂಬ, ತಲೆಯ ಸುತ್ತ ಬಿಳಿ ಎಲ್‌ಇಡಿ ದೀಪಗಳ ಬಳೆ. ಅದು ಹತ್ತಿದ ಮರುಕ್ಷಣ ಮೈದಾನದ ಇರುವೆಗೂ ನೆರಳು ಬಂತು. ಕಾಗೆಗಳು ಬೆಳಗಾಯಿತು ಅಂತ ಕೂಗಿದವು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ವೇದಿಕೆಯ ಮೇಲೆ ಐದು ಬತ್ತಿಯ ದೀಪವನ್ನೂ ಹಚ್ಚಿದರು. ನಿರೂಪಕಿ ಗದ್ಗದ ಕಂಠದಲ್ಲಿ, ನಮ್ಮೂರು ಕತ್ತಲೆಯಿಂದ ಬೆಳಕಿನೆಡೆಗೆ ನಡೆದಿದೆ ಎಂದರು. ಕತ್ತಲೆಯನ್ನೇ ನಂಬಿಕೊಂಡು ಬಂದಿದ್ದ ಮೇಷ್ಟ್ರು ಮೂಲೆಯಲ್ಲಿ ಟೆಲಿಸ್ಕೋಪ್ ತಬ್ಬಿಕೊಂಡು ನಿಂತಿದ್ದರು.

ಅವರು ಕೈಲಾದ ಏರ್ಪಾಡು ಮಾಡಿಕೊಂಡೇ ಬಂದಿದ್ದರು ಪಾಪ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಮೊಬೈಲ್ ಟಾರ್ಚ್ ಮುಖಕ್ಕೆ ಬಿದ್ದರೆ ಅಷ್ಟೂ ಹೊತ್ತಿನ ತಪಸ್ಸು ಮಣ್ಣುಪಾಲು. ಕೆಂಪು ಬೆಳಕಾದರೆ ಅಷ್ಟು ತೊಂದರೆ ಇಲ್ಲ. ಅದಕ್ಕೇ ಟಾರ್ಚಿಗೆ ಕಟ್ಟಿಕೊಳ್ಳಲಿ ಅಂತ ಉಡುಗೊರೆಗೆ ಸುತ್ತುವ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಚೂರು ಚೂರು ಕತ್ತರಿಸಿ ತಂದಿದ್ದರು. ಸಂಘಟಕರೊಬ್ಬರು ಅದನ್ನು ತಡೆದರು. "ಕೆಂಪು ಯಾವ ಪಕ್ಷದ್ದು ಸಾರ್? ನಾಳೆ ಸುಮ್ನೆ ತಲೆನೋವು."

ಇನ್ನು ಆ ಟೆಲಿಸ್ಕೋಪಿನ ಕಥೆ. ಆರು ಇಂಚಿನ ಕನ್ನಡಿ, ಪ್ಲೈವುಡ್ ಪೆಟ್ಟಿಗೆ, ಮೇಷ್ಟ್ರೇ ಕೂತು ಮಾಡಿದ್ದು. ಈ ಮಾದರಿಯನ್ನು ಲೋಕಕ್ಕೆ ಕೊಟ್ಟವರು ಜಾನ್ ಡಾಬ್ಸನ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ನಮ್ಮ ರಾಮಕೃಷ್ಣ ಪರಂಪರೆಯದೇ ಒಂದು ಮಠ ಸೇರಿ 23 ವರ್ಷ ಸನ್ಯಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲ. ಹಡಗಿನ ದುಂಡು ಕಿಟಕಿಯ ಹಳೇ ಗಾಜು ತಂದು ಉಜ್ಜಿ ಉಜ್ಜಿ ಕನ್ನಡಿ ಮಾಡುವುದು, ರಟ್ಟಿನ ಕೊಳವೆಗೆ ಕೂರಿಸುವುದು, ಕದ್ದು ಹೊರಗೆ ಹೋಗಿ ಬೀದಿಯ ಮಕ್ಕಳಿಗೆ ಚಂದ್ರನನ್ನು ತೋರಿಸುವುದು. ಕೊನೆಗೆ 1967ರಲ್ಲಿ ಮಠ ಅವರನ್ನು ಹೊರಗೆ ಹಾಕಿತು. ಮರುವರ್ಷ ಗೆಳೆಯರೊಂದಿಗೆ ಫುಟ್‌ಪಾತಿನ ಖಗೋಳ ಬಳಗ ಕಟ್ಟಿದರು. ಬೀದಿ ಮೂಲೆಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಹೋಗಿ ಬರುವವರನ್ನೆಲ್ಲ ಕರೆದು ಶನಿಯ ಉಂಗುರ ನೋಡಿ ಅನ್ನುತ್ತಿದ್ದರು. 2014ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಒಬ್ಬ ಶಾಸಕರನ್ನಾದರೂ ಕರೆಸಿ ಶಾಲು ಹೊದಿಸಿದರೋ ಇಲ್ಲವೋ. ಹೊದಿಸದೆಯೇ ಶನಿ ಹೇಗೆ ಕಾಣಿಸಿತೋ ಜನರಿಗೆ!

ನಮ್ಮಲ್ಲಿ ಹೊದಿಸಿದರು. ಒಂಬತ್ತು ಶಾಲು, ಒಂಬತ್ತು ಹಾರ, ಒಂಬತ್ತು ಭಾಷಣ. ಮಹಾದ್ವಾರದ ಮೇಲೆ ಶಾಸಕರ ಹನ್ನೆರಡು ಅಡಿ ಫ್ಲೆಕ್ಸ್. ಕಾರ್ಯಕ್ರಮದ ಏಕೈಕ ನಿಜವಾದ ಅತಿಥಿ, ಅಂದರೆ ಚಂದ್ರ, ಹೇಳಿದ ಹೊತ್ತಿಗೇ ಪೂರ್ವದಲ್ಲಿ ಹುಟ್ಟಿ ಆ ಫ್ಲೆಕ್ಸಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದ. ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಶಾಸಕರ ತಲೆಯ ಮೇಲಿಂದ ನಿಧಾನಕ್ಕೆ ಇಣುಕಿದಾಗ ಒಂದೆರಡು ನಿಮಿಷ ದೇವರ ಪ್ರಭಾವಳಿಯಂತೆಯೇ ಇತ್ತು. ಅಭಿಮಾನಿಗಳು ಫೋಟೋ ತೆಗೆದುಕೊಂಡರು. ಆ ಸಂಜೆ ಚಂದ್ರನನ್ನು ಜನ ಗಮನ ಇಟ್ಟು ನೋಡಿದ್ದು ಅದೊಂದೇ ಸಲ.

ಭಾಷಣಕಾರರಲ್ಲಿ ಒಬ್ಬರು ಓದಿಕೊಂಡು ಬಂದಿದ್ದರು. ಲಡಾಖಿನ ಹಾನ್ಲೆ ಬಗ್ಗೆ ಹೇಳಿದರು. 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಟೆಲಿಸ್ಕೋಪ್ ಇದೆ, ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು ಅಂದರು. ಬಿರಿಯಾನಿಗೆ ಮಾತ್ರ ಹೊಸಕೋಟೆ ಅಂದುಕೊಂಡಿದ್ದ ಜನ ತಲೆದೂಗಿದರು. 2022ರ ಡಿಸೆಂಬರಿನಲ್ಲಿ ಅಲ್ಲಿನ ಕತ್ತಲನ್ನೇ ಕಾಪಾಡಬೇಕು ಅಂತ ಸುತ್ತಲಿನ ಜಾಗವನ್ನು ಮೀಸಲು ಪ್ರದೇಶ ಮಾಡಿದ್ದಾರೆ, ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ, ದೀಪಕ್ಕೆ ಮರೆ ಕಟ್ಟುತ್ತಾರೆ, ಅವರಿಗೇ ಟೆಲಿಸ್ಕೋಪ್ ಕೊಟ್ಟು ಬಂದವರಿಗೆ ತೋರಿಸೋದು ಕಲಿಸಿದ್ದಾರೆ ಅಂತಲೂ ಹೇಳಿದರು. ಮುಖ್ಯ ಅತಿಥಿಗಳ ಕರುಳು ಚುರಕ್ ಎಂದಿತು. ಮೈಕ್ ಹಿಡಿದು, "ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದ್ರೂ ಆ ಜನ ಇನ್ನೂ ಕತ್ತಲಲ್ಲೇ ಇದಾರೆ ಅಂದ್ರೆ ನಾಚಿಕೆ ಆಗ್ಬೇಕು. ಹಾನ್ಲೆಗೆ ನಮ್ಮ ತಾಲೂಕಿನ ಕಡೆಯಿಂದ ಒಂದು ಹೈಮಾಸ್ಟ್!" ಎಂದು ಘೋಷಿಸಿದರು. ಸಿಳ್ಳೆ ಬಿತ್ತು.

ಆಮೇಲೆ ವೀಕ್ಷಣೆ. ಮೇಷ್ಟ್ರು ಟೆಲಿಸ್ಕೋಪನ್ನು ಚಂದ್ರನ ಕಡೆ ತಿರುಗಿಸಿಟ್ಟಿದ್ದರು. ಈ ಮಾದರಿಯಲ್ಲಿ ಕಣ್ಣಿಡುವುದು ಮೇಲ್ತುದಿಯಲ್ಲಿ, ಕೊಳವೆಯ ಪಕ್ಕದಲ್ಲಿ. ಶಾಸಕರು ಅಲ್ಲೇ ಬಗ್ಗಿದರು. ಫೋಟೋಗ್ರಾಫರ್ ಒಪ್ಪಲಿಲ್ಲ. "ಸಾರ್, ಮುಖ ಬರ್ತಿಲ್ಲ. ಕೆಳಗಡೆಯಿಂದ ನೋಡಿ." ಕೆಳತುದಿಗೆ ಮೇಷ್ಟ್ರು ಪ್ಲೈವುಡ್ ಹೊಡೆದು ಮುಚ್ಚಿದ್ದರು. ಶಾಸಕರು ಆ ಪ್ಲೈವುಡ್ಡಿಗೆ ಒಂದು ಕಣ್ಣು ಒತ್ತಿ, ಇನ್ನೊಂದು ಕಣ್ಣು ಮುಚ್ಚಿ, ಹತ್ತು ಸೆಕೆಂಡ್ ಹಾಗೇ ಇದ್ದರು. ಫ್ಲಾಶ್ ಬಿತ್ತು. "ಕಾಣಿಸ್ತಾ ಸಾರ್?" ಎಂದರು ಯಾರೋ. "ಅದ್ಭುತ! ಏನು ಸ್ಪಷ್ಟ!" ಅಂದರು. ಹಿಂದೆ ನಿಂತಿದ್ದ ನಾಲ್ಕು ಜನ ಪ್ರಮುಖರೂ ಸರದಿಯಲ್ಲಿ ಪ್ಲೈವುಡ್ಡನ್ನೇ ನೋಡಿ ಅದ್ಭುತ ಅಂದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದರು. ಅವರಿಗೆ ವರ್ಗಾವಣೆ ಅರ್ಜಿ ಬಾಕಿ ಇತ್ತು.

ಜನರ ಸರದಿ ಬಂತು. ಸುಮಾರು ಆರುನೂರು ಜನ, ಒಂದು ಟೆಲಿಸ್ಕೋಪ್. ತಲೆಗೆ ಅರ್ಧ ನಿಮಿಷ ಅಂದರೂ ಐದು ಗಂಟೆ. ಅದರಲ್ಲಿ ಅರ್ಧ ಜನಕ್ಕೆ ಬೇರೆಯೇ ಕೆಲಸ ಇತ್ತು. ಗುರು ಗ್ರಹ, ಪಕ್ಕದಲ್ಲಿ 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರು ಅಂತ ಮೇಷ್ಟ್ರು ವಿವರಿಸುತ್ತಿದ್ದರೆ, ಒಬ್ಬರು ಕಿವಿಯ ಹತ್ತಿರ ಬಂದು, "ಮಗಳಿಗೆ ಗುರುಬಲ ಬಂದಿದ್ಯಾ ಸಾರ್, ಹಂಗೇ ನೋಡಿ ಹೇಳಿ" ಅಂದರು. ಇನ್ನೊಬ್ಬ ಆಂಟಿಗೆ ಅರುಂಧತಿ ಬೇಕಿತ್ತು. "ಈ ತಿಂಗಳಲ್ಲಿ ಅದು ಮೇಲೆ ಬರೋಕೆ ಹತ್ತೂವರೆ ಆಗ್ಬೇಕಮ್ಮ, ಈಶಾನ್ಯ ದಿಕ್ಕಲ್ಲಿ" ಎಂದರು ಮೇಷ್ಟ್ರು. ಆಂಟಿ ಮುಖ ಕಿವುಚಿದರು. "ನಮ್ಮ ಪುರೋಹಿತರು ಹಗಲಲ್ಲೇ ತೋರಿಸ್ತಾರೆ."

ಇಷ್ಟು ಹೇಳಿ ನಮ್ಮೂರನ್ನೇ ಬೈದರೆ ತಪ್ಪಾಗುತ್ತದೆ. ಬೆಂಗಳೂರಿನವರು ದುಡ್ಡು ಕೊಟ್ಟು ಬೆಟ್ಟದ ಬುಡಕ್ಕೆ ನಕ್ಷತ್ರ ನೋಡಲು ಹೋಗುತ್ತಾರೆ. ಅಲ್ಲಿ ಕ್ಯಾಂಪ್ ಫೈರ್ ಇರುತ್ತದೆ, ಡಿಜೆ ಇರುತ್ತದೆ, ಟೆಂಟಿಗೆ ಸೀರಿಯಲ್ ಸೆಟ್ ಇರುತ್ತದೆ. ಬಾರ್ಬೆಕ್ಯೂ ಹೊಗೆ ಒಂದು ಬಾಕಿ ಇತ್ತು, ಅದೂ ಇರುತ್ತದೆ.

ಒಂಬತ್ತೂ ಹತ್ತಕ್ಕೆ ಕರೆಂಟ್ ಹೋಯಿತು.

ಹೈಮಾಸ್ಟ್ ಆರಿತು. ಮೈಕ್ ಸತ್ತಿತು. ಒಂದು ಕ್ಷಣ ಯಾರಿಗೂ ಏನು ಮಾಡಬೇಕು ಅಂತ ಹೊಳೆಯಲಿಲ್ಲ, ಹಾಗಾಗಿ ಕೆಲವರು ಮೇಲೆ ನೋಡಿದರು. ಬೆಳದಿಂಗಳಿದ್ದರೂ ನೆತ್ತಿಯ ಮೇಲೆ ಗುರು ಹಣತೆಯ ಹಾಗೆ ಉರಿಯುತ್ತಿತ್ತು. ಸಾಲಾಗಿ ಮೂರು ಚುಕ್ಕಿ. ಅದರ ಬಳಿ ಒಂದು ಕೆಂಪನೆಯದು. ನನ್ನ ಮುಂದಿನ ಕುರ್ಚಿಯಲ್ಲಿ ಟವೆಲ್ ಹೊದ್ದು ಕೂತಿದ್ದ ಮುದುಕರೊಬ್ಬರು ಮೊಮ್ಮಗನ ಗಲ್ಲ ಹಿಡಿದು ಎತ್ತಿದರು. "ಅಗಾ, ಅದೇ ಕಣ್ಲಾ ಆರಿದ್ರೆ. ಆ ಕಡೀಕೆ ರೋಹಿಣಿ. ಇನ್ನೂ ಆ ಕಡೀಕೆ ಗೊಂಚ್ಲು ಐತಲ್ಲ, ಕೃತ್ತಿಕೆ."

"ತಾತ, ಅವೆಲ್ಲ ಮಳೆ ಹೆಸ್ರಲ್ವಾ?"

ತಾತ ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಹುಡುಗ ಅವರ ಮುಖ ನೋಡಲೆಂದು ಮೊಬೈಲ್ ಟಾರ್ಚ್ ಹಾಕಿದ. ಅವನನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇಡೀ ಮೈದಾನ. ಹಿಂದಿನಿಂದ ಜನರೇಟರ್ ಗುಡುಗಿತು. ಕತ್ತಲು ಇದ್ದದ್ದು ನಲವತ್ತು ಸೆಕೆಂಡ್ ಇರಬಹುದು. "ತಾಂತ್ರಿಕ ದೋಷದಿಂದ ಉಂಟಾದ ಕತ್ತಲೆಗೆ ವಿಷಾದಿಸುತ್ತೇವೆ" ಎಂದರು ನಿರೂಪಕಿ. ವಂದನಾರ್ಪಣೆಯಲ್ಲಿ ಜನರೇಟರ್ ಹುಡುಗನನ್ನು ವೇದಿಕೆಗೆ ಕರೆದು ಹತ್ತನೇ ಶಾಲು ಹೊದಿಸಿದರು.

ಹೊರಗೆ ಹೋಗುವ ಗೇಟಿನಲ್ಲಿ ಪಲಾವಿನ ಪೊಟ್ಟಣದ ಜೊತೆ ಒಂದು ಪ್ರಮಾಣಪತ್ರ ಕೊಟ್ಟರು. "ಇವರು ನಕ್ಷತ್ರಗಳನ್ನು ಯಶಸ್ವಿಯಾಗಿ ವೀಕ್ಷಿಸಿರುತ್ತಾರೆ." ಹೆಸರಿನ ಜಾಗ ಖಾಲಿ. ಯಾರು ಬೇಕಾದರೂ ಬರೆದುಕೊಳ್ಳಬಹುದು. ನನ್ನ ಸರದಿ ಬರುವ ಮುಂಚೆಯೇ ಟೆಲಿಸ್ಕೋಪ್ ಪ್ಯಾಕ್ ಆಗಿತ್ತು, ಆದರೂ ಎರಡು ಇಸಕೊಂಡೆ.

ಮನೆಗೆ ಬಂದಾಗ ಹೆಂಡತಿ ಬಾಗಿಲು ತೆಗೆದಳು. "ಏನ್ರೀ, ಕಾಣಿಸ್ತಾ?"

"ಕಾಣಿಸ್ತು" ಅಂದೆ.

ಅವಳು ಪೊಟ್ಟಣ ಇಸಕೊಂಡು ಒಳಗೆ ಹೋಗುತ್ತಾ ಕೇಳಿದಳು, "ಈ ಸಲನಾದ್ರೂ ತಲೆ ಎತ್ತಿ ನೋಡಿದ್ರಾ?"