ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ ಇನ್‌ಸೋಲ್: ದುಡ್ಡು ಹಾಕಬೇಕಾ?

ಪರ

ಮುಂಬೈಯ ಮಾತುಂಗದ ಒಂದು ಹೋಟೆಲಿನಲ್ಲಿ ನಾನು ಮ್ಯಾನೇಜರ್. ಮ್ಯಾನೇಜರ್ ಅಂದ್ರೆ ಗಲ್ಲಾಪೆಟ್ಟಿಗೆ ಹಿಂದೆ ಕೂತಿರೋದು ಅಂತ ಊರಲ್ಲಿ ಅಂದುಕೊಂಡಿದ್ದಾರೆ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರೆ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ತನಕ ಕೌಂಟರಿಗೂ ಅಡುಗೆಮನೆಗೂ ಓಡಾಟ, ಕಾಲಡಿಗೆ ಸದಾ ಒದ್ದೆ ಕಲ್ಲುಹಾಸು. ಎರಡು ವರ್ಷದ ಹಿಂದೆ ಬಲಗಾಲಿನ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದ ಹಾಗೆ. ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ವಾಸಿ, ಸಂಜೆಗೆ ಮತ್ತೆ ಅದೇ ಪಾಡು.

ಡಾಕ್ಟರ್ ಪ್ಲಾಂಟರ್ ಫೇಶಿಯೈಟಿಸ್ ಅಂದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಪಾದದಡಿ ಒಂದು ಗಟ್ಟಿ ಪಟ್ಟಿ ಇದೆ. ಹೆಜ್ಜೆ ಎತ್ತುವಾಗ ಬೆರಳು ಮೇಲಕ್ಕೆ ಬಾಗಿದರೆ ಅದು ಬಾವಿ ಹಗ್ಗದ ಹಾಗೆ ಬಿಗಿಯುತ್ತದೆ, ದಿನಕ್ಕೆ ಸಾವಿರಗಟ್ಟಲೆ ಸಲ. ಪಟ್ಟಿ ಮೂಳೆಗೆ ಹತ್ತಿಕೊಂಡಿರುವ ಜಾಗದಲ್ಲೇ ನೋವು. ಎಕ್ಸ್‌ರೇ ತೋರಿಸಿ 'ಮೂಳೆ ಬೆಳೆದಿದೆ' ಅಂತ ಹೆದರಿಸುವವರು ಬೇಕಾದಷ್ಟು ಜನ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಇರುತ್ತದೆ, ಅದನ್ನು ಬಿಡಿ.

ಎಲ್ಲರೂ ಹೇಳಿದ್ದು ರೆಸ್ಟ್ ಮಾಡಿ ಅಂತ. ಡ್ಯೂಟಿ ಯಾರು ಮಾಡ್ತಾರೆ?

ಕೊನೆಗೆ 5,500 ರೂಪಾಯಿ ಕೊಟ್ಟು, ಅಳತೆ ಕೊಟ್ಟು, ಶೂ ಒಳಗೆ ಕಾಲಡಿ ಇಡುವ ಇನ್‌ಸೋಲ್ ಮಾಡಿಸಿದೆ. ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ಕಾಲೂರಿಸಿ ಅಚ್ಚು ತೆಗೆದರು. ನನ್ನ ಪಾದ ಚಪ್ಪಟೆ, ಎಡಕ್ಕಿಂತ ಬಲ ಜಾಸ್ತಿ ಚಪ್ಪಟೆ. ಅಂಗಡಿಯ ರೆಡಿಮೇಡ್ ಜೋಡಿಯಲ್ಲಿ ಎರಡಕ್ಕೂ ಒಂದೇ ಎತ್ತರ, ಬಲಗಾಲಿಗೆ ಒತ್ತುತ್ತಿತ್ತು, ಎಡಗಾಲಿಗೆ ಇದ್ದೂ ಇಲ್ಲದಂತೆ. ಮಾಡಿಸಿದ್ದರಲ್ಲಿ ಹಿಮ್ಮಡಿಗೆ ಬಟ್ಟಲಿನಂಥ ತಗ್ಗು, ಪಾದದ ಕಮಾನಿಗೆ ಆಸರೆ, ಎರಡು ಕಾಲಿಗೂ ಬೇರೆ ಬೇರೆ. ಅದು ಕೂರಬೇಕಾದರೆ ಹಳೇ ಸಪಾಟು ಶೂ ಆಗಲ್ಲ, ಲೇಸಿನದು ತಗೊಳ್ಳಿ ಅಂದರು, ಅದನ್ನೂ ತಗೊಂಡೆ. ಮೊದಲ ವಾರ ಕಾಲಡಿ ಕಲ್ಲು ಇಟ್ಟುಕೊಂಡ ಹಾಗೆ ಅನಿಸಿತು, ದಿನಕ್ಕೆ ಒಂದೆರಡು ಗಂಟೆ ಹಾಕಿ ಅಭ್ಯಾಸ ಮಾಡಿಕೊಂಡೆ. ಎರಡು ತಿಂಗಳಿಗೆ ಸಂಜೆಯ ನೋವು ಅರ್ಧಕ್ಕೆ ಇಳಿಯಿತು.

ಆಸ್ಟ್ರೇಲಿಯಾದಲ್ಲಿ 135 ಜನರ ಮೇಲೆ ಮಾಡಿದ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ತೆಳು ಫೋಮಿನ ಹುಸಿ ಇನ್‌ಸೋಲ್ ಹಾಕಿದವರಿಗಿಂತ ರೆಡಿಮೇಡ್ ಅಥವಾ ಅಳತೆಯದು ಹಾಕಿದವರ ಓಡಾಟ ಮೂರು ತಿಂಗಳಲ್ಲಿ ಸ್ವಲ್ಪ ಸುಧಾರಿಸಿತ್ತು, ವರ್ಷ ಕಳೆದಾಗ ವ್ಯತ್ಯಾಸ ಉಳಿದಿರಲಿಲ್ಲ. ವಿರೋಧಿಗಳು ವರ್ಷದ ಲೆಕ್ಕ ಹಿಡಿದು ಕೂರುತ್ತಾರೆ. ಸ್ವಾಮಿ, ನನಗೆ ಬೇಕಾಗಿದ್ದೇ ಆ ಮೂರು ತಿಂಗಳು. ಸಂಬಳ ತಿಂಗಳಿಗೊಮ್ಮೆ ಬರೋದು.

ವಿರೋಧ

ಮಾತುಂಗದವರ ನೋವು ಸುಳ್ಳು ಅನ್ನುತ್ತಿಲ್ಲ, ನನಗೂ ಅದೇ ಬಂದಿತ್ತು. ಡೊಂಬಿವಲಿಯಿಂದ ಮುಂಬೈಯ ವಿಟಿ ಸ್ಟೇಷನ್ನಿಗೆ ದಿನಾ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತು ಹೋಗಿ, ನಿಂತು ಬರುವವಳು ನಾನು. ನಾನೂ ದುಡ್ಡು ಸುರಿದು ಮಾಡಿಸಿದೆ. ಈಗ ಅದು ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆಯಲ್ಲಿದೆ.

ಯಾಕೆ ಅಂದ್ರೆ, ಇನ್‌ಸೋಲ್ ಕೆಲಸ ಮಾಡೋದು ಶೂ ಹಾಕಿದಾಗ ಮಾತ್ರ. ನಾವು ಹೆಂಗಸರು ಆಫೀಸಿಗೆ ಹಾಕೋದು ಚಪ್ಪಲಿ, ಸ್ಯಾಂಡಲ್. ಅದರಲ್ಲಿ ಆ ದಪ್ಪ ಹಲಗೆ ಕೂರಲ್ಲ. ಸರಿ, ಶೂ ತಗೊಂಡೆ ಅಂತಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈ ಮಳೆಯಲ್ಲಿ ಶೂ ಹಾಕಿ ಸ್ಟೇಷನ್ ರಸ್ತೆ ದಾಟಿ ನೋಡಿ, ಇನ್‌ಸೋಲ್ ಒಣಗೋಕೆ ಎರಡು ದಿನ, ವಾಸನೆ ಬೇರೆ. ನಾಲ್ಕು ತಿಂಗಳು ಪ್ಲಾಸ್ಟಿಕ್ ಸ್ಯಾಂಡಲ್ಲೇ ಗತಿ. ಇನ್ನು ಮನೆಯೊಳಗೆ ಬಾಗಿಲಲ್ಲೇ ಎಲ್ಲ ಬಿಟ್ಟು ಟೈಲ್ಸ್ ಮೇಲೆ ಬರಿಗಾಲು. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟುವಾಗಲೇ ನೋವು ಜಾಸ್ತಿ ಇರುವುದು, ಆಗ ಇನ್‌ಸೋಲ್ ಬಾಗಿಲಾಚೆ ಮಲಗಿರುತ್ತದೆ.

ಮಾತುಂಗದವರು ಹೇಳಿದ ಪರೀಕ್ಷೆಯಲ್ಲಿ ಅವರು ಮುಖ್ಯವಾದ್ದನ್ನೇ ಜಾರಿಸಿಬಿಟ್ಟರು. ಅಳತೆಯದು ರೆಡಿಮೇಡಿಗಿಂತ ಮೇಲು ಅಂತ ಅಲ್ಲಿ ಬಂದಿಲ್ಲ. ಇದಕ್ಕಿಂತ ಹಳೆಯದು, 1999ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ, 236 ಜನ. ಎಲ್ಲರೂ ಸ್ಟ್ರೆಚಿಂಗ್ ಮಾಡಿದರು, ಕೆಲವರಿಗೆ ಜೊತೆಗೆ ಒಂದೊಂದು ಬಗೆಯ ಪ್ಯಾಡ್. ಎಂಟು ವಾರಕ್ಕೆ ಅಂಗಡಿಯ ಸಿಲಿಕಾನ್ ಪ್ಯಾಡ್ ಹಾಕಿದವರಲ್ಲಿ ಶೇ. 95 ಜನಕ್ಕೆ ಗುಣ ಕಂಡಿತು, ಬರೀ ಸ್ಟ್ರೆಚಿಂಗ್ ಮಾಡಿದವರಲ್ಲಿ ಶೇ. 72, ಅಳತೆ ಕೊಟ್ಟು ಮಾಡಿಸಿದವರಲ್ಲಿ ಶೇ. 68. ಎಲ್ಲಕ್ಕಿಂತ ದುಬಾರಿಯದ್ದೇ ಎಲ್ಲಕ್ಕಿಂತ ಕೆಳಗೆ! ಒಂದೇ ಪರೀಕ್ಷೆ ನಂಬಿ ಅಂತ ನಾನು ಹೇಳಲ್ಲ. ಆದರೆ ಆಮೇಲೆ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅಳತೆಯದು ಅನ್ನುವ ಕಾರಣಕ್ಕೆ ಹೆಚ್ಚಿನ ಲಾಭ ಕಂಡಿಲ್ಲ.

ಇನ್ನೊಂದು ವಿಷಯ ಇದೆ. ಈ ನೋವು ಬಹಳ ಜನರಿಗೆ ವರ್ಷದೊಳಗೆ ತಾನಾಗೇ ಇಳಿಯುತ್ತದೆ. ಆ ಹೊತ್ತಿಗೆ ಕಾಲಲ್ಲಿ ಏನಿತ್ತೋ ಅದಕ್ಕೆ ಹೆಸರು. ನಮ್ಮ ಬಿಲ್ಡಿಂಗಿನ ಅಜ್ಜಿಯೊಬ್ಬರು ಬಿಸಿ ಇಟ್ಟಿಗೆಗೆ ಎಕ್ಕದ ಎಲೆ ಇಟ್ಟು ಕಾಲೂರಿದರು, ಅವರ ನೋವೂ ಹೋಯಿತು.

ನಾನು ಮಾಡಿದ್ದು ಹೇಳ್ತೀನಿ. ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಕೈಯಿಂದ ಮೇಲಕ್ಕೆ ಬಗ್ಗಿಸಿ ಹತ್ತು ಎಣಿಸೋದು, ಹತ್ತು ಸಲ. ಮನೆಯೊಳಗೆ ಹಾಕೋಕೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ. ದೇವರಮನೆ ಬಿಟ್ಟು ಎಲ್ಲ ಕಡೆ ಅದೇ, ಅತ್ತೆ ಮೊದಮೊದಲು ಮುಖ ಗಂಟಿಕ್ಕಿದರು. ಆಮೇಲೆ ದಿನ ಬಿಟ್ಟು ದಿನ ಬಿಲ್ಡಿಂಗಿನ ಮೆಟ್ಟಿಲ ಮೇಲೆ, ಬೆರಳಡಿ ಟವೆಲ್ ಸುತ್ತಿಟ್ಟು, ಒಂದೇ ಕಾಲಲ್ಲಿ ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ಇಳಿಸೋದು. 2015ರ ಡೆನ್ಮಾರ್ಕಿನ ಪರೀಕ್ಷೆಯಲ್ಲಿ ಹೀಗೆ ಮಾಡಿದವರು ಮೂರು ತಿಂಗಳಿಗೆ ಸ್ಟ್ರೆಚಿಂಗ್ ಮಾಡಿದವರಿಗಿಂತ ಮುಂದಿದ್ದರು. ವರ್ಷದ ಕೊನೆಗೆ ಇಬ್ಬರೂ ಸಮ, ಅದನ್ನೂ ಮುಚ್ಚಿಡಲ್ಲ. ಆದರೆ ಟವೆಲ್‌ಗೆ 5,500 ಆಗಲ್ಲ ಅಲ್ವಾ?

ಮಾತುಂಗದವರಿಗೆ ಒಂದು ಮಾತು ಕೇಳಬೇಕು. ಸಪಾಟು ಶೂ ಬಿಟ್ಟು ಹೊಸ ಲೇಸಿನ ಶೂ ತಗೊಂಡೆ ಅಂತ ನೀವೇ ಬರೆದಿದ್ದೀರಿ. ಇನ್‌ಸೋಲ್ ತೆಗೆದಿಟ್ಟು ಬರೀ ಆ ಶೂನಲ್ಲಿ ಒಂದು ವಾರ ಡ್ಯೂಟಿ ಮಾಡಿ ನೋಡಿದ್ದೀರಾ?