ಹಳೆಯ ಜೀಪಿಗೆ ಶೇ 30ರ ಮಮತೆ

ಜೇವರ್ಗಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಸದ್ಯ ಎರಡು ಪಕ್ಷಗಳಿವೆ. ಅಪ್ಪ ಕೊಂಡಿದ್ದ ಮಹೀಂದ್ರ ಎಂಎಂ 540 ಜೀಪನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಬೇಕು ಎನ್ನುವುದು ಕಾಕಾ ಅವರ ಪಕ್ಷ. ಅದನ್ನು ಗುಜರಿಗೆ ಹಾಕಿ ಮಹೀಂದ್ರದ್ದೇ ಹೊಸ ಗಾಡಿ ಥಾರ್ ತರಬೇಕು ಎನ್ನುವುದು ತಮ್ಮನ ಪಕ್ಷ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕುಳಿತು ಫೋನಿನಲ್ಲಿ ಇಬ್ಬರ ವಾದವನ್ನೂ ಕೇಳುವ ನನಗೆ, ಇಬ್ಬರ ಕೈಯಲ್ಲಿರುವ ತಕ್ಕಡಿಯೂ ಸರಿಯಿಲ್ಲ ಎನಿಸುತ್ತದೆ.

ತಮ್ಮನ ಮಾತು ಮೇಲುನೋಟಕ್ಕೆ ಜಾಣತನದ್ದು. "ಅಣ್ಣಾ, ಮುದಿ ಜೀಪಿಗೆ ನಾಲ್ಕು ಲಕ್ಷ ಸುರಿಯುವ ಬದಲು ಅದೇ ದುಡ್ಡನ್ನು ಹೊಸ ಗಾಡಿಯ ಮುಂಗಡಕ್ಕೆ ಕಟ್ಟಬಾರದೇ?" ಎನ್ನುತ್ತಾನೆ. ಆದರೆ ಅವನು ರಿಪೇರಿಯ ಖರ್ಚನ್ನು ಹೋಲಿಸುತ್ತಿರುವುದು ಹತ್ತು ಲಕ್ಷ ದಾಟುವ ಗಾಡಿಯ ಬೆಲೆಯ ಜೊತೆಗಲ್ಲ, ಅದರ ಮುಂಗಡದ ಜೊತೆಗೆ. ವರ್ಷಗಟ್ಟಲೆ ಕಟ್ಟಬೇಕಾದ ಕಂತು, ವಿಮೆ ಎಲ್ಲವೂ ಆ ಲೆಕ್ಕದಿಂದ ಮೆಲ್ಲನೆ ಜಾರಿಕೊಂಡಿವೆ. ಕಾಕಾ ಅವರದು ಲೆಕ್ಕವೇ ಅಲ್ಲ. "ಇಂಥ ಕಬ್ಬಿಣ ಈಗ ಎಲ್ಲಿ ಸಿಗುತ್ತದೆ?" ಎಂಬ ಒಂದೇ ಪ್ರಶ್ನೆ. ಅದಕ್ಕೆ ಯಾರು ಏನೆಂದು ಉತ್ತರಿಸಬೇಕು?

ಲೆಕ್ಕಕ್ಕೆ ಹೆಸರಾದ ಜರ್ಮನಿಯಲ್ಲಿ ಇಂಥ ಜಗಳಕ್ಕೆ ಹತ್ತಿರದ ಒಂದು ಕಟ್ಟಳೆ ಇದೆ. ಬೇರೆಯವರ ತಪ್ಪಿನಿಂದ ನಿಮ್ಮ ಕಾರಿಗೆ ಅಪಘಾತವಾಯಿತು ಎನ್ನಿ. ಅದಕ್ಕೆ ಸಮನಾದ ವಯಸ್ಸು ಮತ್ತು ಸ್ಥಿತಿಯ ಇನ್ನೊಂದು ಕಾರಿನ ಬೆಲೆಗಿಂತ ರಿಪೇರಿಯೇ ದುಬಾರಿಯಾದರೆ, ಸಾಮಾನ್ಯವಾಗಿ ಅದನ್ನು ಪೂರ್ತಿ ಹಾನಿಯಾದ ಕಾರು ಎಂದು ಪರಿಗಣಿಸಿ, ಕಾರಿನ ಬೆಲೆಯ ಆಧಾರದ ಮೇಲೆ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆದರೆ ಮಾಲೀಕ ತನ್ನ ಕಾರನ್ನೇ ಸರಿಯಾಗಿ ರಿಪೇರಿ ಮಾಡಿಸಿ, ಕನಿಷ್ಠ ಆರು ತಿಂಗಳು ತಾನೇ ಓಡಿಸುವುದಾದರೆ, ಬೆಲೆಯ ಶೇ 130ರವರೆಗೂ ರಿಪೇರಿ ಖರ್ಚನ್ನು ಪಡೆಯಬಹುದು ಎಂದು ಅಲ್ಲಿನ ನ್ಯಾಯಾಲಯಗಳು ಒಪ್ಪಿಕೊಂಡಿವೆ. ತನ್ನ ಗಾಡಿ ಹೇಗೆ ಓಡಿದೆ, ಹೇಗೆ ನೋಡಿಕೊಂಡದ್ದು, ಅದರ ಯಾವ ಮೂಲೆಯಲ್ಲಿ ಯಾವ ದೋಷವಿದೆ ಎಂಬುದು ಮಾಲೀಕನಿಗೆ ಗೊತ್ತು. ಮಾರುಕಟ್ಟೆಯಿಂದ ತಂದ ಅಪರಿಚಿತ ಗಾಡಿಯಲ್ಲಿ ಆ ಭರವಸೆ ಸಿಗುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಅಂದರೆ ಮಮತೆಗೂ ಬೆಲೆ ಇದೆ, ಅದು ಶೇ 30, ಅದರಾಚೆಗೆ ಇಲ್ಲ.

ಇದು ಅಪಘಾತಕ್ಕೆ ಸಂಬಂಧಿಸಿದ ಕಟ್ಟಳೆ, ಮುಪ್ಪಿಗಲ್ಲ. ಆದರೂ ನಾನು ಇದನ್ನು ನಮ್ಮ ಜೀಪಿಗೆ ಎರವಲು ತಂದೆ. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಶೇ 30 ಅಲ್ಲ. ಹಳೆಯದನ್ನು ಹೊಸದರ ಜೊತೆ ಹೋಲಿಸದೆ, ಅದೇ ವಯಸ್ಸಿನ ಓಡುವ ಗಾಡಿಯ ಜೊತೆ ಹೋಲಿಸುವ ಕ್ರಮ. ಕಲಬುರಗಿ ಸುತ್ತಮುತ್ತ ತಮ್ಮನೇ ವಿಚಾರಿಸಿದಾಗ, ಚೆನ್ನಾಗಿ ಓಡುವ ಅಂಥದೇ ಜೀಪಿಗೆ ಎರಡೂವರೆ ಲಕ್ಷದ ಆಸುಪಾಸು ಬೆಲೆ ಹೇಳಿದರಂತೆ. ಅದಕ್ಕೆ ಶೇ 30 ಸೇರಿಸಿದರೆ ಮೂರೂಕಾಲು ಲಕ್ಷ. ಗ್ಯಾರೇಜಿನ ಉಸ್ತಾದ್ ಕೊಟ್ಟ ಅಂದಾಜು ನಾಲ್ಕು ಲಕ್ಷ. ಜೀಪು ಸೋತಂತೆಯೇ. ಆದರೆ ಆ ಅಂದಾಜಿನ ಚೀಟಿಯನ್ನು ಫೋನಿನಲ್ಲಿ ತರಿಸಿಕೊಂಡು ಓದಿದರೆ ಹೊಸ ಬಣ್ಣ, ಅಗಲ ಟೈರು, ಅಲಾಯ್ ಚಕ್ರ, ಹೊಸ ಸೀಟು, ಮುಂದೆ ಎರಡು ದೊಡ್ಡ ದೀಪ! ಅಗಲ ಟೈರಿನಿಂದ ಸ್ಟಿಯರಿಂಗ್‌ಗೂ ಹಬ್ ಬೇರಿಂಗ್‌ಗೂ ಭಾರ ಹೆಚ್ಚುವುದೇ ಬಂತು. ಈ ಶೃಂಗಾರವನ್ನೆಲ್ಲ ತೆಗೆದರೆ ಉಳಿದ ಕೆಲಸ ಮೂರು ಲಕ್ಷದೊಳಗೆ ಮುಗಿಯುತ್ತದೆ. ಜೀಪು ಗೆದ್ದಿತು, ಆದರೆ ಕಾಕಾ ಬಯಸಿದ ಜೀಪಲ್ಲ.

ಈ ಗೆಲುವಿಗೆ ಒಂದು ಷರತ್ತಿದೆ: ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಗಟ್ಟಿಯಾಗಿರಬೇಕು. ಇಲ್ಲಿ ನಮ್ಮ ನೆಲದ ಅದೃಷ್ಟ ದೊಡ್ಡದು. ಜರ್ಮನಿಯಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಚಾಸಿಯ ಟೊಳ್ಳಿನೊಳಗೆ ಸೇರಿ ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಇಂಜಿನ್ ಗಡಿಯಾರದಂತೆ ಓಡುತ್ತಿದ್ದರೂ ಚಾಸಿ ತೂತಾಗಿ ಗಾಡಿಯ ಆಯಸ್ಸು ಮುಗಿದದ್ದನ್ನು ನಾನು ಅಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಲಬುರಗಿಯಲ್ಲಿ ಆಗುವುದು ಇದಕ್ಕೆ ತಿರುಗಾಮುರುಗ. ನಲವತ್ತೆರಡು ಡಿಗ್ರಿಯ ಬೇಸಿಗೆಯಲ್ಲಿ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಸಾಯುವುದು ರಬ್ಬರು, ಆಯಿಲ್ ಸೀಲು, ವೈರುಗಳ ಹೊದಿಕೆ. ಏರ್ ಫಿಲ್ಟರ್ ಕಡೆಗಣಿಸಿದರೆ ಧೂಳು ಒಳಹೊಕ್ಕು ಇಂಜಿನ್ನಿನ ಪಿಸ್ಟನ್ ರಿಂಗು, ಸಿಲಿಂಡರಿನ ಒಳಗೋಡೆ ಸವೆಯುತ್ತವೆ. ಇವೆಲ್ಲ ಬದಲಾಯಿಸಬಹುದಾದವು. ಒಂದು ಜಾಗವನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಕಮಾನು ಪಟ್ಟಿಗಳನ್ನು ಚಾಸಿಗೆ ಸೇರಿಸುವ ಕಡೆ ನಮ್ಮ ಎರೆಮಣ್ಣು ಮೆತ್ತಿಕೊಂಡು ಕುಳಿತರೆ ಮಳೆ ನಿಂತು ಎಷ್ಟೋ ದಿನವಾದರೂ ಆರುವುದಿಲ್ಲ. ತುಕ್ಕು ಹಿಡಿಯುವುದಾದರೆ ಅಲ್ಲೇ. ಮಣ್ಣು ತೊಳೆದು ಸುತ್ತಿಗೆಯಿಂದ ತಟ್ಟಿ ನೋಡುವವರೆಗೆ ಒಂದು ಪೈಸೆಯನ್ನೂ ಕಳಿಸುವುದಿಲ್ಲ ಎಂದು ನಾನು ಹೇಳಿಬಿಟ್ಟಿದ್ದೇನೆ.

ಇಲ್ಲಿ ಜರ್ಮನಿಯ ಇನ್ನೊಂದು ಕ್ರಮ ನನಗೆ ನಮ್ಮದಕ್ಕಿಂತ ಮೇಲೆನಿಸುತ್ತದೆ. ಅಲ್ಲಿ ಹೊಸ ಕಾರಿಗೆ ಮೂರನೇ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ತಪಾಸಣೆ ಮಾಡುವವನಿಗೂ ರಿಪೇರಿ ಮಾಡುವವನಿಗೂ ಸಂಬಂಧವಿಲ್ಲ. ನಮ್ಮಲ್ಲಿ ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಅದು ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. ನಡುವೆ ಗಾಡಿಯ ಕೆಳಗೆ ನುಸುಳಿ ನೋಡುವವನು ಮೆಕ್ಯಾನಿಕ್ ಒಬ್ಬನೇ, ಅವನಿಗೆ ಸಂಬಳ ಸಿಗುವುದು ಕೆಲಸ ಹುಟ್ಟಿದಾಗ ಮಾತ್ರ. ನವೀಕರಣದ ಶುಲ್ಕವೂ ಈಗ ಸಣ್ಣದಲ್ಲ: 2025ರ ಆಗಸ್ಟ್‌ನಲ್ಲಿ ಆದ ಬದಲಾವಣೆಯಂತೆ 20 ವರ್ಷ ದಾಟಿದ ಕಾರು, ಜೀಪುಗಳಿಗೆ 10,000 ರೂಪಾಯಿ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಲಸಗಾರಿಕೆಯ ಮಾತು ಬಂದರೆ ಮಾತ್ರ ನಾನು ಕಲಬುರಗಿಯ ಪರ. ಜರ್ಮನಿಯ ಗ್ಯಾರೇಜಿನಲ್ಲಿ ಒಂದು ಗಂಟೆಯ ಕೂಲಿ ನೂರು ಯೂರೋ ದಾಟುವುದು ಸಾಮಾನ್ಯ. ಹಾಗಾಗಿ ಗೇರ್‌ಬಾಕ್ಸ್ ಬಿಚ್ಚಿ ಒಂದು ಬೇರಿಂಗ್ ಬದಲಿಸುವ ಗೋಜಿಗೆ ಹೋಗದೆ ಇಡೀ ಗೇರ್‌ಬಾಕ್ಸನ್ನೇ ಬದಲಿಸುವುದು ಅಲ್ಲಿ ಅಗ್ಗ. ನಮ್ಮ ಜೀಪಿನ 2112 ಸಿಸಿ ಡೀಸೆಲ್ ಇಂಜಿನ್ ಪ್ಯೂಜೊ ಕಂಪನಿಯ ವಿನ್ಯಾಸದ್ದು. ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಕೈಗಳು ಕಲಬುರಗಿಯಲ್ಲಿ ಇನ್ನೂ ಇವೆ. ಆದರೆ ಉಸ್ತಾದರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕನ್ನು ಹಿಂದೆ ಎಷ್ಟು ಸಲ ಲೇತಿನಲ್ಲಿ ಉಜ್ಜಿಸಿದ್ದಾರೆ? ಪ್ರತಿ ಸಲ ಉಜ್ಜಿದಾಗಲೂ ಅದು ತೆಳುವಾಗುತ್ತದೆ, ಒಂದು ಮಿತಿ ದಾಟಿದರೆ ಮತ್ತೆ ಉಜ್ಜಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಉತ್ತರವಿಲ್ಲ. ತೊಗರಿಗೆ ಹೊಡೆದ ಔಷಧಿಯ ಲೆಕ್ಕ ಪೈಸೆ ಬಿಡದೆ ಬರೆದಿಟ್ಟಿದ್ದಾರೆ. ಜೀಪಿಗೆ ಇಷ್ಟು ವರ್ಷ ಸುರಿದ ದುಡ್ಡಿನ ಒಂದು ಚೀಟಿಯೂ ಇಲ್ಲ.

ಹೋದ ತಿಂಗಳು ಇನ್ನೊಂದು ಸಂಗತಿ ಹೊರಬಿತ್ತು. ಎಣ್ಣೆ ಹೆಚ್ಚು ಕುಡಿಯುತ್ತದೆ, ಸದ್ದು ಮಾಡುತ್ತದೆ ಎಂದು ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಬಿಚ್ಚಿ ಕಾಳಿನ ಕೋಣೆಯಲ್ಲಿ ಇಟ್ಟು ವರ್ಷಗಳಾದವಂತೆ. ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಫೋರ್‌ವೀಲ್ ಬೇಕೋ ಬೇಡವೋ ಎಂದು ನಾವು ಜಗಳವಾಡುತ್ತಿದ್ದ ಜೀಪು ಹಿಂದಿನ ಎರಡೇ ಚಕ್ರದ ಮೇಲೆ ಎಳೆಯುತ್ತಿತ್ತು! ಹಾಗಿದ್ದರೆ ಫೋರ್‌ವೀಲ್ ನಮಗೆ ನಿಜಕ್ಕೂ ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಸೆಪ್ಟೆಂಬರ್ ನಮ್ಮ ಕಡೆ ಜೋರು ಮಳೆಯ ತಿಂಗಳು. ಹಸಿ ಎರೆಮಣ್ಣಿನಲ್ಲಿ ಹಿಂದಿನ ಚಕ್ರ ಗರಗರನೆ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಇಷ್ಟು ವರ್ಷ ಟ್ರ್ಯಾಕ್ಟರ್ ಬಂದು ಎಳೆದಿದೆ, ನಿಜ. ಆದರೆ ತೋಟದ ಮನೆಯಲ್ಲಿ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಟ್ರ್ಯಾಕ್ಟರ್ ಹುಡುಕುತ್ತಾ ಕೂರಲು ಆಗುತ್ತದೆಯೇ? ಶಾಫ್ಟ್ ಹಾಕಿಸಿ, ಮಣ್ಣಿನಲ್ಲಿ ಮಾತ್ರ ಲಿವರ್ ಎಳೆಯಿರಿ. ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಒಂದಕ್ಕೊಂದು ಬಿಗಿದುಕೊಳ್ಳುವ ಈ ವ್ಯವಸ್ಥೆಯನ್ನು ಡಾಂಬರಿನ ಮೇಲೆ ಬಳಸಿದರೆ ಗೇರುಗಳೇ ಹೋಗುತ್ತವೆ.

ತಮ್ಮನ ಒಂದು ಮಾತನ್ನು ನಾನು ತಳ್ಳಿಹಾಕಲಾರೆ. ಈ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊತ್ತು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿಗಳ ನಡುವೆ ಕಲಬುರಗಿಗೆ ಹೋಗುವ ಗಾಡಿ ಇದಲ್ಲ. ಎಷ್ಟು ಲಕ್ಷ ಸುರಿದರೂ ಆಗುವುದೂ ಇಲ್ಲ. ಅದಕ್ಕೆ ಅವನು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ನೋಡಲಿ, ನಾನೂ ಕೈಲಾದಷ್ಟು ಸೇರಿಸುತ್ತೇನೆ. ಜೀಪು ಹೊಲಕ್ಕೂ ಊರಿಗೂ ಇರಲಿ. ಇಂಜಿನ್ನನ್ನೇ ಬದಲಿಸಿ ಬೊಲೆರೊದ್ದು ಕೂರಿಸೋಣ ಎಂದು ಉಸ್ತಾದರು ಆಸೆ ಹುಟ್ಟಿಸಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅಂಥ ಬದಲಾವಣೆ ಅನುಮತಿಯಿಲ್ಲದೆ ಮಾಡುವಂತಿಲ್ಲ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ.

ಕಾಕಾ ಇನ್ನೊಂದು ದಾರಿ ಹುಡುಕಿದ್ದರು. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿಕೊಂಡ ವಾಹನಕ್ಕೆ ಪಾರಂಪರಿಕ ನಂಬರ್ ಪ್ಲೇಟ್ ಸಿಗುತ್ತದೆ, ತೆರಿಗೆಯೂ ವರ್ಷಕ್ಕೆ ಇಷ್ಟೇ ಎಂದು ನಿಗದಿಯಾಗಿರುತ್ತದೆ ಎಂದು ಒಮ್ಮೆ ಹೇಳಿದ್ದೆ. "ನಮ್ಮದಕ್ಕೂ ಅದನ್ನೇ ಮಾಡಿಸಪ್ಪ" ಎಂದರು. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ನಿಯಮಕ್ಕೆ 50 ವರ್ಷ ತುಂಬಿರಬೇಕು, ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ. ಹೊಲಕ್ಕೆ ಹೋಗುವ ಜೀಪಿಗೆ ಅದರಿಂದ ಏನು ಬಂತು?

ಈಗ ಒಪ್ಪಂದವಾಗಿರುವ ಕ್ರಮ ಇದು: ಮೊದಲು ಚಾಸಿ, ಆಮೇಲೆ ಬ್ರೇಕು ಮತ್ತು ಸ್ಟಿಯರಿಂಗ್, ಆಮೇಲೆ ಮುಂದಿನ ಆಕ್ಸಲ್, ಕೊನೆಗೆ ಇಂಜಿನ್. ಪ್ರತಿ ಹಂತದಲ್ಲೂ ಚೀಟಿ ಇಡಬೇಕು. ಮೊತ್ತ ಮೂರೂಕಾಲು ಲಕ್ಷ ಮುಟ್ಟುವ ಲಕ್ಷಣ ಕಂಡರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಬಣ್ಣದ ಖರ್ಚು ಕಾಕಾ ಅವರದೇ, ಯಾವ ಬಣ್ಣ ಬೇಕೋ ಹೊಡೆಸಿಕೊಳ್ಳಲಿ. ಅವರು ಆರಿಸಿರುವುದು ಮಿಲಿಟರಿ ಹಸಿರು. ಸೇನೆಯದಲ್ಲದ ವಾಹನಕ್ಕೆ ಆ ಬಣ್ಣ ಬಳಿಯುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ ಎಂದು ಅವರಿಗೆ ಹೇಳುವ ಕೆಲಸವನ್ನು ತಮ್ಮನಿಗೆ ಬಿಟ್ಟಿದ್ದೇನೆ.